ಬಿ.ಎಡ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು: ತರಗತಿಯಲ್ಲಿ ಮೊಬೈಲ್, ಟಿವಿ, ಪ್ರೊಜೆಕ್ಟರ್

ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದಲ್ಲಿ ಬಿ.ಎಡ್ ಅಥವಾ ಡಿ.ಎಲ್.ಎಡ್ ಓದುತ್ತಾ, ಇಂಟರ್ನ್‌ಶಿಪ್‌ಗೆ ಹೊರಟು ನಿಂತವರಿಗಾಗಿ ಈ ಪುಟ. ಇಲ್ಲಿರುವುದೆಲ್ಲ ಕಾಲೇಜಿನ ವರಾಂಡದಲ್ಲಿ, ಬಸ್ಸಿನಲ್ಲಿ, ನಾಳೆ ಪಾಠ ಇದೆ ಅನ್ನುವಾಗ ರಾತ್ರಿ ವಾಟ್ಸಾಪಿನಲ್ಲಿ ಬರುವ ಪ್ರಶ್ನೆಗಳು. ನಮ್ಮ ಕಡೆಯ ಸರ್ಕಾರಿ ಶಾಲೆಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಪ್ರತಿ ಮಗುವಿನ ಕೈಯಲ್ಲೂ ಟ್ಯಾಬ್ ಇರುವ ಶಾಲೆಗೆ ಹೊರಟಿದ್ದರೆ ಇದರಿಂದ ಅಷ್ಟೇನೂ ಉಪಯೋಗವಿಲ್ಲ.

## ನನಗೆ ಕಂಪ್ಯೂಟರ್ ಅಷ್ಟಾಗಿ ಬರಲ್ಲ. ಎಲ್ಲಿಂದ ಶುರು ಮಾಡಲಿ?

ನಿಮ್ಮ ಮೊಬೈಲಿನಿಂದಲೇ ಶುರು ಮಾಡಿ. ಮೊದಲು ಮೂರೇ ಕೆಲಸ ಕಲಿಯಿರಿ. ಕನ್ನಡದಲ್ಲಿ ಸಲೀಸಾಗಿ ಟೈಪ್ ಮಾಡುವುದು. ಬೇಕಾದ ವಿಡಿಯೋ, ಚಿತ್ರಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ, ನೆಟ್ ಇಲ್ಲದೆ ತೋರಿಸುವುದು. ಮೊಬೈಲನ್ನೋ ಪೆನ್‌ಡ್ರೈವನ್ನೋ ಶಾಲೆಯ ಟಿವಿಗೆ ಜೋಡಿಸುವುದು. ಇಷ್ಟು ಬಂದರೆ ಇಂಟರ್ನ್‌ಶಿಪ್‌ನ ಮುಕ್ಕಾಲು ಭಾಗ ದಾಟಿದಂತೆ.

ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮಗಳು ಬಂದ ಮೇಲೆ ಬಿ.ಎಡ್ ಎರಡು ವರ್ಷದ್ದಾಯಿತು. ಕಡಿಮೆ ಎಂದರೂ 20 ವಾರ ಶಾಲೆಯಲ್ಲಿ ಕಳೆಯಬೇಕು. ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಅಂತ ಪ್ರತ್ಯೇಕ ಪ್ರಾಯೋಗಿಕ ಪತ್ರಿಕೆಯೂ ಬಂತು. ಆದರೆ ಆ ಪತ್ರಿಕೆಯ ರೆಕಾರ್ಡ್ ಫೈಲಿನಲ್ಲಿ ಕೀಬೋರ್ಡ್, ಮೌಸ್, ಮಾನಿಟರ್ ಚಿತ್ರ ಅಂಟಿಸಿ ಸಹಿ ಹಾಕಿಸಿಕೊಂಡರೆ ಕಲಿತಂತಾಗಲಿಲ್ಲ. ಆ 20 ವಾರವೇ ನಿಜವಾದ ಲ್ಯಾಬ್.

ಇಪ್ಪತ್ತು ಆ್ಯಪ್ ಹಾಕಿಕೊಂಡು ಒಂದನ್ನೂ ಪೂರ್ತಿ ಬಳಸದವರು ಬೇಕಾದಷ್ಟು ಜನ ಇದ್ದಾರೆ. ಅವರ ಸಾಲಿಗೆ ಸೇರಬೇಡಿ.

## ದೀಕ್ಷಾ ಆ್ಯಪ್ ನಿಜಕ್ಕೂ ಉಪಯೋಗಕ್ಕೆ ಬರುತ್ತಾ, ಅಥವಾ ಸುಮ್ನೆ ಹೆಸರಿಗಾ?

ಬರುತ್ತದೆ, ಆರಿಸಿ ಬಳಸಿದರೆ. 2017ರಲ್ಲಿ ಶುರುವಾದ, ಶಾಲಾ ಪಾಠಗಳ ಈ ಸರ್ಕಾರಿ ವೇದಿಕೆಯಲ್ಲಿ ನಮ್ಮ ರಾಜ್ಯದ ಪಠ್ಯಪುಸ್ತಕಕ್ಕೆ ಹೊಂದುವ ಸಾಮಗ್ರಿ ಇದೆ. ಆ್ಯಪ್ ತೆರೆದು ಕರ್ನಾಟಕ ಬೋರ್ಡ್, ಮಾಧ್ಯಮ, ತರಗತಿ ಆರಿಸಿಕೊಳ್ಳಿ. ಪುಸ್ತಕದಲ್ಲಿರುವ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ. ಪುಸ್ತಕ ಹಳೆಯದಾಗಿ ಕೋಡ್ ಮಾಸಿದ್ದರೆ ಅದರ ಕೆಳಗೆ ಅಚ್ಚಾಗಿರುವ ಅಕ್ಷರ-ಅಂಕಿಗಳನ್ನು ಟೈಪ್ ಮಾಡಿದರೂ ಅದೇ ಪಾಠ ಸಿಗುತ್ತದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಬೇಕಾದ ವಿಡಿಯೋವನ್ನು ಆ್ಯಪ್ ಒಳಗೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಶಾಲೆಯಲ್ಲಿ ನೆಟ್ ಬೇಕಾಗುವುದಿಲ್ಲ.

ಒಂದು ಮಾತು. ಅಲ್ಲಿರುವ ಎಲ್ಲ ವಿಡಿಯೋಗಳೂ ಒಂದೇ ಮಟ್ಟದವಲ್ಲ. ಕೆಲವು ಬಹಳ ಚೆನ್ನಾಗಿವೆ. ಕೆಲವು ಪಠ್ಯಪುಸ್ತಕವನ್ನೇ ದನಿಯಲ್ಲಿ ಓದಿದಂತಿವೆ. ಮೊದಲೇ ಪೂರ್ತಿ ನೋಡಿ, ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಬೇಕು ಅಂತ ಪಾಠಯೋಜನೆಯಲ್ಲೇ ಬರೆದಿಟ್ಟುಕೊಳ್ಳಿ. ಮೂರು ನಿಮಿಷ ತೋರಿಸಿ, ನಿಲ್ಲಿಸಿ, "ಈಗ ಮುಂದೆ ಏನಾಗಬಹುದು?" ಅಂತ ಕೇಳಿ. ಹದಿನೈದು ನಿಮಿಷದ ವಿಡಿಯೋ ಹಾಕಿ ಮೂಲೆಯಲ್ಲಿ ನಿಂತುಬಿಟ್ಟರೆ ಅವತ್ತು ಪಾಠ ಮಾಡಿದ್ದು ಟಿವಿ, ನೀವಲ್ಲ.

## ಮೊಬೈಲನ್ನು ಶಾಲೆಯ ಟಿವಿಗೆ ಜೋಡಿಸಲು ಹೋದರೆ ಆಗೋದೇ ಇಲ್ಲ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಆದ್ದರಿಂದ ಉತ್ತರವೂ ಸ್ವಲ್ಪ ಉದ್ದ.

ವೈರ್ ಇಲ್ಲದೆ ಜೋಡಿಸುವುದಾದರೆ, ಸಾಮಾನ್ಯವಾಗಿ ಟಿವಿ ಮತ್ತು ಮೊಬೈಲ್ ಎರಡೂ ಒಂದೇ ವೈಫೈನಲ್ಲಿರಬೇಕು. ಶಾಲೆಯಲ್ಲಿ ವೈಫೈ ಇಲ್ಲದಿದ್ದರೆ ಇನ್ನೊಬ್ಬರ ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡಿಸಿ, ಟಿವಿಯನ್ನೂ ನಿಮ್ಮ ಮೊಬೈಲನ್ನೂ ಅದಕ್ಕೇ ಸೇರಿಸಿ ನೋಡಬಹುದು. ಕೆಲವು ಟಿವಿಗಳು ನೇರವಾಗಿಯೂ ಮೊಬೈಲಿನ ಪರದೆ ಹಿಡಿಯುತ್ತವೆ. ಮಧ್ಯೆ ಕಡಿದುಹೋಗುವ ಕಾಟ ಮಾತ್ರ ಇದ್ದೇ ಇರುತ್ತದೆ.

ವೈರ್ ವಿಷಯದಲ್ಲಿ ತುಂಬಾ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಟೈಪ್-ಸಿ ಯಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಎಲ್ಲ ಮೊಬೈಲಿಗೂ ಕೆಲಸ ಮಾಡುವುದಿಲ್ಲ. ಮೊಬೈಲಿನ ಟೈಪ್-ಸಿ ಪೋರ್ಟಿನಲ್ಲಿ ಚಿತ್ರ ಹೊರಗೆ ಕಳಿಸುವ ಸೌಲಭ್ಯ ಇರಬೇಕು. ಕಡಿಮೆ ಬೆಲೆಯ ಎಷ್ಟೋ ಮೊಬೈಲುಗಳಲ್ಲಿ ಅದು ಇರುವುದಿಲ್ಲ. ಕೇಬಲ್ ಚುಚ್ಚಿದರೂ ಚಿತ್ರ ಬರುವುದಿಲ್ಲ. ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಮ್ಮ ಮೊಬೈಲಿಗೆ ಹಾಕಿ ತೋರಿಸಲು ಹೇಳಿ. ಸಂಕೋಚ ಬೇಡ.

ನನ್ನನ್ನು ಕೇಳಿದರೆ ಪೆನ್‌ಡ್ರೈವೇ ನಂಬಿಗಸ್ತ. ಆದರೆ ಅದಕ್ಕೂ ಕೆಲವು ಕಟ್ಟುಪಾಡುಗಳಿವೆ. ಬಹಳಷ್ಟು ಟಿವಿಗಳು ಪಿಪಿಟಿ ಫೈಲ್ ತೆರೆಯುವುದಿಲ್ಲ. ಅದಕ್ಕಾಗಿ ಸ್ಲೈಡ್‌ಗಳನ್ನು ಚಿತ್ರಗಳಾಗಿ ಸೇವ್ ಮಾಡಿ, ಒಂದು ಫೋಲ್ಡರಿನಲ್ಲಿ 01, 02, 03 ಅಂತ ಹೆಸರಿಟ್ಟು ಹಾಕಿಕೊಳ್ಳಿ. ರಿಮೋಟ್ ಒತ್ತಿದಂತೆ ಒಂದೊಂದೇ ಬರುತ್ತದೆ. ವಿಡಿಯೋ ಎಂಪಿ4 ಆಗಿರಲಿ. ಪೆನ್‌ಡ್ರೈವನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಹಳೆಯ ಟಿವಿಗಳೂ ಗುರುತಿಸುತ್ತವೆ. 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದರಲ್ಲಿ ಕೂರುವುದಿಲ್ಲ, ಅಷ್ಟೇ. ನಲವತ್ತು ನಿಮಿಷದ ಪೀರಿಯಡ್ಡಿಗೆ ಅಷ್ಟು ದೊಡ್ಡ ಫೈಲ್ ಯಾಕೆ ಬೇಕು ಹೇಳಿ!

ಹಿಂದಿನ ದಿನ ಸಂಜೆ ಅದೇ ಟಿವಿಗೆ ಹಾಕಿ ನೋಡುವುದಂತೂ ತಪ್ಪಿಸಬೇಡಿ. ಮಕ್ಕಳ ಎದುರು ರಿಮೋಟ್ ಹಿಡಿದು ಹತ್ತು ನಿಮಿಷ ಒದ್ದಾಡಿದರೆ ತರಗತಿ ಕೈಬಿಟ್ಟು ಹೋಗುತ್ತದೆ. ಆಮೇಲೆ ಎಷ್ಟು ಒಳ್ಳೆಯ ವಿಡಿಯೋ ಹಾಕಿದರೂ ಅವರು ವಾಪಸ್ ಬರುವುದಿಲ್ಲ.

## ಶಾಲೆಯಲ್ಲಿ ಹಳೇ ಪ್ರೊಜೆಕ್ಟರ್ ಇದೆ. ಏನು ನೋಡಿಕೊಳ್ಳಬೇಕು?

ಮೊದಲು ಹಿಂದುಗಡೆಯ ಪೋರ್ಟ್ ನೋಡಿ. ನೀಲಿ ಬಣ್ಣದ ವಿಜಿಎ ಮಾತ್ರ ಇದ್ದರೆ ಹೊಸ ಲ್ಯಾಪ್‌ಟಾಪಿಗೆ ಅಡಾಪ್ಟರ್ ಬೇಕು. ವಿಜಿಎಯಲ್ಲಿ ಚಿತ್ರ ಮಾತ್ರ ಹೋಗುತ್ತದೆ, ದನಿ ಹೋಗುವುದಿಲ್ಲ. ಪುಟ್ಟ ಸ್ಪೀಕರ್ ಜೊತೆಗಿರಲಿ. ಚಿತ್ರ ಬರದಿದ್ದರೆ ಕೀಬೋರ್ಡಿನಲ್ಲಿ ವಿಂಡೋಸ್ ಗುಂಡಿ ಮತ್ತು ಪಿ ಒಟ್ಟಿಗೆ ಒತ್ತಿ, "ಡುಪ್ಲಿಕೇಟ್" ಆರಿಸಿ.

ಪಾಠ ಮುಗಿದ ಕೂಡಲೇ ಪ್ಲಗ್ ಕೀಳಬೇಡಿ. ರಿಮೋಟಿನಲ್ಲಿ ಆಫ್ ಮಾಡಿ, ಒಳಗಿನ ಫ್ಯಾನ್ ನಿಲ್ಲುವವರೆಗೆ ಕಾಯಿರಿ. ಬಿಸಿ ದೀಪ ತಣ್ಣಗಾಗುವ ಮೊದಲೇ ಕರೆಂಟ್ ತೆಗೆದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ನಮ್ಮ ಎರೆಮಣ್ಣಿನ ಧೂಳಂತೂ ಕೇಳಲೇಬೇಡಿ. ಏರ್ ಫಿಲ್ಟರ್ ಇದ್ದರೆ ಆಗಾಗ ತೆಗೆದು ಕೊಡವಿ.

ಬಿಸಿಲಿಗೆ ಕಿಟಕಿ ತೆರೆದಿದ್ದರೆ ಪರದೆ ಬಿಳಿಚಿಕೊಂಡು ಏನೂ ಕಾಣುವುದಿಲ್ಲ. ಮುಚ್ಚಿದರೆ ಮಕ್ಕಳು ಬೇಯುತ್ತಾರೆ. ಮಾರ್ಚ್ ತಿಂಗಳಲ್ಲಿ ಇದಕ್ಕೆ ಪರಿಹಾರ ಒಂದೇ, ಬೆಳಗಿನ ಮೊದಲ ಅಥವಾ ಎರಡನೇ ಪೀರಿಯಡ್ ಕೇಳಿಕೊಳ್ಳಿ.

## ಪಾಠದ ಮಧ್ಯೆ ಕರೆಂಟ್ ಕೈಕೊಟ್ಟರೆ?

ಕೊಡುತ್ತದೆ. ಬೋರ್ಡ್ ಇದೆಯಲ್ವಾ? ಪ್ರತಿ ಪಾಠಯೋಜನೆಯಲ್ಲೂ "ಕರೆಂಟ್ ಹೋದರೆ" ಅಂತ ಒಂದು ಸಾಲು ಬರೆದಿಡಿ. ಸರ್ಕ್ಯೂಟ್ ಚಿತ್ರವನ್ನು ಸೀಮೆಸುಣ್ಣದಲ್ಲಿ ಬರೆಯಲು ಬಾರದ ವಿಜ್ಞಾನ ಶಿಕ್ಷಕರಿಗೆ ಯಾವ ಸ್ಮಾರ್ಟ್ ಬೋರ್ಡೂ ಸಹಾಯ ಮಾಡಲಾರದು. ಬೇಸಿಗೆಯಲ್ಲಿ ಮೊಬೈಲನ್ನು ಕಿಟಕಿ ಪಕ್ಕ, ಬೈಕಿನ ಟ್ಯಾಂಕ್ ಕವರಿನಲ್ಲಿ ಇಡಬೇಡಿ. ಕಾದ ಮೊಬೈಲ್ ತಾನೇ ಪರದೆ ಮಂಕು ಮಾಡಿಕೊಳ್ಳುತ್ತದೆ, ಕೆಲವೊಮ್ಮೆ ಆಫ್ ಆಗಿಯೇ ಬಿಡುತ್ತದೆ.

## ಕಾಲೇಜಿನಲ್ಲಿ ನುಡಿಯಲ್ಲಿ ಟೈಪ್ ಮಾಡಿದ್ದು ಶಾಲೆಯ ಕಂಪ್ಯೂಟರಿನಲ್ಲಿ ಗೀಚಿದಂತೆ ಕಾಣುತ್ತದೆ. ಏನು ಮಾಡಲಿ?

ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆಯ ಫಾಂಟುಗಳ ಗೋಳು ಇದು. ಆ ಫಾಂಟುಗಳಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ನೀವು ಬರೆದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಅವುಗಳ ಮೇಲೆ ಕನ್ನಡದ ರೂಪ ಹೊದಿಸಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೊದಿಕೆ ಕಳಚುತ್ತದೆ, ಕಸ ಕಾಣುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. ಮೊಬೈಲಿನಲ್ಲಿ ನೀವು ಟೈಪ್ ಮಾಡುವ ಕನ್ನಡವೆಲ್ಲ ಯೂನಿಕೋಡೇ.

ನುಡಿ ಬಿಡಬೇಕಾಗಿಲ್ಲ. ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸಕ್ಕೆ ಬೆರಳು ಒಗ್ಗಿದ್ದರೆ ಅದೇ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡಬಹುದು. ಹೊಸ ನುಡಿಯಲ್ಲೇ ಆ ಆಯ್ಕೆ ಇದೆ. ಹಳೆಯ ಫೈಲುಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದುಕೊಳ್ಳಿ. ತಂದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಎಡವಟ್ಟಾಗುವುದು ಅಲ್ಲೇ. ಅಷ್ಟು ಪುರುಸೊತ್ತಿಲ್ಲ, ನಾಳೆಯೇ ಪಾಠ ಎಂದರೆ ಕಾಲೇಜಿನ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಂಡು ಹೋಗಿ.

ಟೈಪಿಂಗ್ ನಿಧಾನ ಅನ್ನುವವರು ಮೊಬೈಲ್ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿ. ಬಹುಪಾಲು ಸರಿಯಾಗಿಯೇ ಬರುತ್ತದೆ. ನಮ್ಮ ರಾಯಚೂರಿನ ಮಾತಿನ ಧಾಟಿಗೆ ಕೆಲವೊಮ್ಮೆ ತಡವರಿಸುತ್ತದೆ. ಪುಸ್ತಕದ ಭಾಷೆಯಲ್ಲಿ ನಿಧಾನಕ್ಕೆ ಹೇಳಿದರೆ ಸರಿಹೋಗುತ್ತದೆ.

ಅಕ್ಷರದ ಗಾತ್ರಕ್ಕೆ ಯಾವ ಪುಸ್ತಕದ ನಿಯಮವೂ ಬೇಡ. ಸ್ಲೈಡ್ ಹಾಕಿ, ಕೊನೆಯ ಸಾಲಿಗೆ ಹೋಗಿ ನೆಲದ ಮೇಲೆ ಕೂತು ಓದಿ ನೋಡಿ.

## ಯಾವ ವಿಷಯಕ್ಕೆ ಯಾವ ಟೂಲ್ ಬಳಸಬೇಕು?

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಕೈಯಲ್ಲಿ ಹಿಡಿದು, ಹೊರಗೆ ಕರೆದುಕೊಂಡು ಹೋಗಿ ತೋರಿಸಲು ಆಗುತ್ತದೆಯಾ? ಆಗುವುದಾದರೆ ಟೂಲ್ ಬೇಡ. ದಾಸವಾಳದ ಭಾಗಗಳನ್ನು ತೋರಿಸಲು ಶಾಲೆಯ ಅಂಗಳದ ದಾಸವಾಳ ಸಾಕು. ಅದರ ವಿಡಿಯೋ ತೋರಿಸುವ ಪಾಠಗಳನ್ನು ನೋಡಿದಾಗ ನನಗೆ ಸಿಟ್ಟೇ ಬರುತ್ತದೆ.

ವಿಜ್ಞಾನಕ್ಕೆ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಒಳ್ಳೆಯವು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಎಲ್ಲವೂ ಉಚಿತ, ಕೆಲವು ಕನ್ನಡದಲ್ಲೂ ಇವೆ. ಒಂದೊಂದು ಸಿಮ್ಯುಲೇಶನ್ನನ್ನೂ ಫೈಲ್ ಆಗಿ ಇಳಿಸಿಕೊಂಡು ನೆಟ್ ಇಲ್ಲದೆ ಬ್ರೌಸರಿನಲ್ಲಿ ತೆರೆಯಬಹುದು. ವಿದ್ಯುತ್ ಪಾಠಕ್ಕೆ ಮೊದಲು ನಿಜವಾದ ಸೆಲ್, ಬಲ್ಬು, ವೈರ್ ಕೊಟ್ಟು ಮಕ್ಕಳಿಂದಲೇ ಬೆಳಗಿಸಿ. ಆಮೇಲೆ ಫೆಟ್ ತೆರೆಯಿರಿ. ವೈರಿನೊಳಗೆ ಎಲೆಕ್ಟ್ರಾನುಗಳು ಸಾಗುವುದು, ಇನ್ನೊಂದು ಸೆಲ್ ಸೇರಿಸಿದಾಗ ಜೋರಾಗುವುದು ಕೈಯಲ್ಲಿರುವ ಬಲ್ಬಿನಲ್ಲಿ ಕಾಣುವುದಿಲ್ಲ, ಅಲ್ಲಿ ಕಾಣುತ್ತದೆ. ಟೂಲಿನ ಜಾಗ ಅದು.

ಗಣಿತಕ್ಕೆ ಜಿಯೋಜೀಬ್ರಾ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಇದನ್ನು ಶುರು ಮಾಡಿದರು. ತ್ರಿಭುಜ ಬರೆದು, ಮೂರು ಕೋನಗಳ ಅಳತೆ ಕಾಣುವಂತೆ ಮಾಡಿ, ಒಂದು ಶೃಂಗವನ್ನು ಒಬ್ಬ ಹುಡುಗಿಯಿಂದ ಎಳೆಸಿ. ಆಕಾರ ಏನೇ ಆಗಲಿ ಮೊತ್ತ 180 ಡಿಗ್ರಿಯಲ್ಲೇ ನಿಲ್ಲುವುದನ್ನು ಮಕ್ಕಳೇ ಕಂಡು ಹೇಳುತ್ತಾರೆ. ನೀವು ಮೊದಲೇ ಹೇಳಿಬಿಟ್ಟರೆ ಆಟ ಕೆಟ್ಟಿತು.

ಸಮಾಜ ವಿಜ್ಞಾನಕ್ಕೆ ನನ್ನ ಮೆಚ್ಚಿನದು ಗೂಗಲ್ ಅರ್ಥ್. ನದಿ ಕಣಿವೆ ಯೋಜನೆಗಳ ಪಾಠ ಅಂದುಕೊಳ್ಳಿ. ಮುನಿರಾಬಾದ್-ಹೊಸಪೇಟೆ ನಡುವಿನ ತುಂಗಭದ್ರಾ ಅಣೆಕಟ್ಟಿನಿಂದ ಶುರು ಮಾಡಿ. 33 ಕ್ರೆಸ್ಟ್ ಗೇಟುಗಳಿರುವ ಅಣೆಕಟ್ಟು. 2024ರ ಆಗಸ್ಟಿನಲ್ಲಿ 19ನೇ ಗೇಟ್ ಕೊಚ್ಚಿಹೋದದ್ದು ನಮ್ಮ ಮಕ್ಕಳಿಗೆ ಸುದ್ದಿಯಾಗಿ ಅಲ್ಲ, ಮನೆಯ ಚಿಂತೆಯಾಗಿ ಗೊತ್ತು. ಅಲ್ಲಿಂದ ಎಡದಂಡೆ ಕಾಲುವೆಯ ಗೆರೆ ಹಿಡಿದು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಗೆ ನಿಧಾನವಾಗಿ ಸರಿಯಿರಿ. ಕಾಲುವೆಯ ಒಂದು ಪಕ್ಕ ಭತ್ತದ ಹಸಿರು, ಇನ್ನೊಂದು ಪಕ್ಕ ಒಣ ಹೊಲ. "ನೀರು ಈ ಕಡೆಗೆ ಮಾತ್ರ ಯಾಕೆ ಹೋಗುತ್ತದೆ?" ಅಂತ ಕೇಳಿ ಸುಮ್ಮನಾಗಿ. ಇಳಿಜಾರಿನ ವಿಷಯ ಅವರ ಬಾಯಿಂದಲೇ ಬರುತ್ತದೆ. ಹಾಗೇ ಮುಂದೆ ಹೋಗಿ, ಹಸಿರು ಎಲ್ಲಿ ತೆಳುವಾಗುತ್ತದೆ ನೋಡಿಸಿ. ಕಾಲುವೆಯ ಕೊನೆ ಭಾಗದ ಊರಿನ ಮಗು ತರಗತಿಯಲ್ಲಿದ್ದರೆ ಮುಂದಿನ ಪಾಠ ಅದೇ ಮಾಡುತ್ತದೆ. ಚಿತ್ರ ಯಾವ ತಿಂಗಳದ್ದು ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ಕೊಯ್ಲಾದ ಮೇಲಿನ ಚಿತ್ರವಾದರೆ ಭತ್ತದ ಗದ್ದೆಯೂ ಕಂದಾಗಿಯೇ ಕಾಣುತ್ತದೆ. ಶಾಲೆಯಲ್ಲಿ ನೆಟ್ ನಂಬಬೇಡಿ, ಮನೆಯಲ್ಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

## ಮಕ್ಕಳ ಬಳಿ ಮೊಬೈಲ್ ಇಲ್ಲ. ಕ್ವಿಜ್ ಆ್ಯಪ್ ಹೇಗೆ ಬಳಸುವುದು?

ಪ್ಲಿಕರ್ಸ್ ನೋಡಿ. ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡ್. ಅದರ ಮೇಲಿನ ಕಪ್ಪು ಚಿತ್ರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಹಿಡಿದರೆ ನಾಲ್ಕು ಉತ್ತರ. ನೀವು ಮೊಬೈಲ್ ಕ್ಯಾಮೆರಾವನ್ನು ತರಗತಿಯ ಮೇಲೆ ಹಾಯಿಸಿದರೆ ಯಾರು ಯಾವ ಉತ್ತರ ಕೊಟ್ಟರು ಅಂತ ಬರುತ್ತದೆ. ಮೊಬೈಲ್ ಒಂದೇ ಸಾಕು, ಆದರೆ ಅದಕ್ಕೆ ನೆಟ್ ಬೇಕು. ಕಾರ್ಡುಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಕಾಗದದ ಮೇಲೆ ತೆಗೆಸಿ. ಹೊಳೆಯುವ ಲ್ಯಾಮಿನೇಶನ್ ಬೇಡ. ಬೆಳಕು ಪ್ರತಿಫಲಿಸಿ ಕ್ಯಾಮೆರಾಗೆ ಓದಲು ಆಗುವುದಿಲ್ಲ.

ಇದರ ನಿಜವಾದ ಲಾಭ ಏನು ಗೊತ್ತಾ? ಒಬ್ಬರ ಕಾರ್ಡ್ ಒಬ್ಬರಂತಿಲ್ಲ, ಹಾಗಾಗಿ ಪಕ್ಕದವರ ಉತ್ತರ ನಕಲು ಮಾಡಲಾಗದು. ಬಾಯಿ ಬಿಡದ ಮಕ್ಕಳೂ ಉತ್ತರಿಸುತ್ತಾರೆ. ಯಾವ ತಪ್ಪು ಉತ್ತರಕ್ಕೆ ಅರ್ಧ ತರಗತಿ ಹೋಯಿತು ಅಂತ ನೋಡಿ, ಅಲ್ಲೇ ಮತ್ತೆ ವಿವರಿಸಿ. ಅಂಕ ಬರೆದಿಟ್ಟುಕೊಳ್ಳುವುದಕ್ಕಷ್ಟೇ ಬಳಸಿದರೆ ವ್ಯರ್ಥ.

## ಹೋಮ್‌ವರ್ಕ್ ವಾಟ್ಸಾಪಿನಲ್ಲಿ ಕಳಿಸಬಹುದಾ?

ಕಳಿಸಬಹುದು, ಆದರೆ ಅದೊಂದನ್ನೇ ನೆಚ್ಚಬೇಡಿ. ಮನೆಯ ಮೊಬೈಲ್ ಅಪ್ಪನ ಜೇಬಿನಲ್ಲಿ ಹೊಲಕ್ಕೋ ಕೆಲಸಕ್ಕೋ ಹೋಗಿರುತ್ತದೆ. ಗುಳೆ ಹೋದ ಮನೆಯ ಮಕ್ಕಳು ಅಜ್ಜಿಯ ಜೊತೆ ಇರುತ್ತಾರೆ, ಅಜ್ಜಿಯ ಬಳಿ ಕೀಪ್ಯಾಡ್ ಮೊಬೈಲ್. ಬೋರ್ಡ್ ಮೇಲೆ ಬರೆಯಿರಿ, ಗುಂಪಿಗೆ ಅದರ ಫೋಟೋ ಹಾಕಿ.

## ತರಗತಿಯಲ್ಲಿ ಕೆಲವರ ಮನೆಮಾತು ತೆಲುಗು, ಕೆಲವರದು ಉರ್ದು, ತಾಂಡಾದ ಮಕ್ಕಳದು ಲಂಬಾಣಿ. ಇದಕ್ಕೆ ಟೂಲ್ ಇದೆಯಾ?

ಮೊಬೈಲಿನ ರೆಕಾರ್ಡರ್. ಮಕ್ಕಳಿಂದಲೇ ಅವರ ಮಾತಿನಲ್ಲಿ ಒಂದು ಕಥೆ ಹೇಳಿಸಿ, ರೆಕಾರ್ಡ್ ಮಾಡಿ, ಆಮೇಲೆ ಎಲ್ಲರೂ ಸೇರಿ ಕನ್ನಡದಲ್ಲಿ ಹೇಳಿ. ಅನುವಾದದ ಆ್ಯಪ್ ತೆಲುಗು, ಉರ್ದುವಿಗೆ ಅಲ್ಪಸ್ವಲ್ಪ ನೆರವಾಗುತ್ತದೆ. ಲಂಬಾಣಿಗೆ ತಾಂಡಾದ ಮಗುವೇ ನಿಮ್ಮ ಗುರು.

## ಪಾಠಯೋಜನೆಯನ್ನು ಚಾಟ್‌ಜಿಪಿಟಿಯಿಂದ ಬರೆಸಬಹುದಾ? ಎಲ್ಲರೂ ಬರೆಸುತ್ತಿದ್ದಾರೆ.

ಬರೆಸುತ್ತಿದ್ದಾರೆ, ಹೌದು. ಮೌಲ್ಯಮಾಪನ ಮಾಡುವವರಿಗೆ ಗೊತ್ತೂ ಆಗುತ್ತದೆ. ಹತ್ತು ಜನರ ಯೋಜನೆಯಲ್ಲಿ ಒಂದೇ "ಚಟುವಟಿಕೆ" ಇದ್ದರೆ ಯಾರಿಗೆ ಗೊತ್ತಾಗಲ್ಲ?

ಕಲಿಯುವ ಹಂತದಲ್ಲಿ ಮೊದಲ ಕೆಲವು ಯೋಜನೆಗಳನ್ನಾದರೂ ನೀವೇ ಬರೆಯಿರಿ. ಆಮೇಲೆ ಅದರ ಕೈಯಲ್ಲಿ ಹೆಚ್ಚುವರಿ ಪ್ರಶ್ನೆ, ಬಹು ಆಯ್ಕೆಯ ಪ್ರಶ್ನೆಗೆ ತಪ್ಪು ಆಯ್ಕೆಗಳು, ಕಷ್ಟದ ಪ್ಯಾರಾಕ್ಕೆ ಸರಳ ರೂಪ, ಇಂಥವನ್ನು ಮಾಡಿಸಿಕೊಳ್ಳಿ. ಪಠ್ಯಪುಸ್ತಕ ಪಕ್ಕದಲ್ಲಿ ತೆರೆದೇ ಇರಲಿ.

ಸ್ಥಳೀಯ ಇತಿಹಾಸದಲ್ಲಂತೂ ಕಣ್ಣು ಮುಚ್ಚಿ ನಂಬಬೇಡಿ. ಅದನ್ನು ಪರೀಕ್ಷಿಸಲು ನಮ್ಮಲ್ಲೇ ಒಳ್ಳೆಯ ವಸ್ತು ಇದೆ. ಅಶೋಕನ ಶಾಸನಗಳ ಬಗ್ಗೆ ಕೇಳಿ. ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿತು, ಅವನ ಶಾಸನಗಳ ಪೈಕಿ ಅಶೋಕ ಎಂಬ ಹೆಸರು ಮೊದಲು ದೊರೆತದ್ದು ಅದರಲ್ಲಿ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೋಳದ ಶಾಸನಗಳಲ್ಲೂ ಆ ಹೆಸರಿದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳಲ್ಲಿ ಇಲ್ಲ. ಈ ಐದನ್ನು ಅದು ಕಲಸುತ್ತದೆಯಾ, ಬಿಡಿಸಿ ಹೇಳುತ್ತದೆಯಾ ನೋಡಿ. ತಪ್ಪಿದ್ದರೂ ಅದರ ದನಿಯಲ್ಲಿ ಅಳುಕು ಕಾಣುವುದಿಲ್ಲ. ಎಂಟನೇ ತರಗತಿಯವರ ಜೊತೆ ಈ ಪರೀಕ್ಷೆಯನ್ನೇ ಒಂದು ಪಾಠ ಮಾಡಬಹುದು.

## ಪಾಠದ ವಿಡಿಯೋ ಮಾಡಿ ಸ್ಟೇಟಸ್‌ಗೆ, ಯೂಟ್ಯೂಬ್‌ಗೆ ಹಾಕಬಹುದಾ?

ನಿಮ್ಮ ಮುಖ ಹಾಕಿಕೊಳ್ಳಿ, ಮಕ್ಕಳದ್ದು ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುವುದೇ ಅದರ ಧೋರಣೆ. ಕಾಯ್ದೆ ಪಕ್ಕಕ್ಕಿರಲಿ, ತಪ್ಪು ಉತ್ತರ ಕೊಟ್ಟು ಪೆಚ್ಚಾದ ಮಗುವಿನ ಮುಖ ಊರಿನವರ ಮೊಬೈಲಿನಲ್ಲಿ ಓಡಾಡುವುದು ಸರಿಯಾ? ನಿಮ್ಮ ಪಾಠ ನೀವು ನೋಡಿಕೊಳ್ಳಲು ವಿಡಿಯೋ ಬೇಕಾದರೆ ಎಚ್.ಎಂ. (ಮುಖ್ಯ ಶಿಕ್ಷಕರ) ಒಪ್ಪಿಗೆ ಪಡೆದು, ಮೊಬೈಲನ್ನು ಹಿಂದಿನ ಗೋಡೆಗೆ ಒರಗಿಸಿ ನಿಮ್ಮ ಕಡೆ ತಿರುಗಿಸಿಡಿ. ಮೇಷ್ಟ್ರು ಎಷ್ಟು ಹೊತ್ತು ಮಾತಾಡಿದರು, ಮಕ್ಕಳು ಎಷ್ಟು ಹೊತ್ತು ಮಾತಾಡಿದರು ಅಂತ ಮನೆಗೆ ಹೋಗಿ ಲೆಕ್ಕ ಹಾಕಿ.

## ಸ್ಮಾರ್ಟ್ ಟಿವಿ ಇದೆ, ಆದರೆ ಎಚ್.ಎಂ. ಬೀಗ ಹಾಕಿ ಇಟ್ಟಿದ್ದಾರೆ. ಕೇಳಲು ಭಯ.

ಅವರ ಭಯ ನಿಮಗಿಂತ ದೊಡ್ಡದು. ಟಿವಿ ಸ್ಟಾಕ್ ರಿಜಿಸ್ಟರಿನಲ್ಲಿದೆ, ಒಡೆದರೆ ಉತ್ತರ ಕೊಡಬೇಕಾದವರು ಅವರು. ಮೊದಲ ವಾರ ಸ್ಯಾಟ್ಸ್ (ಮಕ್ಕಳ ಮಾಹಿತಿ ತುಂಬುವ ಸರ್ಕಾರಿ ತಂತ್ರಾಂಶ) ಎಂಟ್ರಿಗೆ, ಎಕ್ಸೆಲ್ ಪಟ್ಟಿಗೆ ಒಂದಿಷ್ಟು ಕೈಜೋಡಿಸಿ. ಯಾವ ದಿನ, ಯಾವ ಪೀರಿಯಡ್, ಎಷ್ಟು ನಿಮಿಷ ಬೇಕು ಅಂತ ಚೀಟಿಯಲ್ಲಿ ಬರೆದು ಕೇಳಿ. ಬೀಗದ ಕೈ ನಿಮ್ಮ ಕೈಗೇ ಬರುತ್ತದೆ.

## ಪಿಪಿಟಿ ಇಲ್ಲದಿದ್ದರೆ ಪಾಠ ವೀಕ್ಷಣೆಯಲ್ಲಿ ಅಂಕ ಕಡಿಮೆಯಾಗುತ್ತಾ?

ಕೆಲವು ಕಡೆ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಹಾಗಿದ್ದರೆ ನಾಲ್ಕು ಸ್ಲೈಡ್ ಮಾಡಿ. ಒಂದೊಂದರಲ್ಲಿ ಒಂದು ಚಿತ್ರ, ಒಂದು ಪ್ರಶ್ನೆ. ಪಠ್ಯದ ಸಾಲುಗಳನ್ನು ಸ್ಲೈಡಿಗೆ ಸುರಿದು ಓದುವುದು ಮಾತ್ರ ಬೇಡ. ಪುಸ್ತಕ ಮಕ್ಕಳ ಕೈಯಲ್ಲೇ ಇದೆ.

## ಇನ್ನೂ ಕಲಿಯಬೇಕು ಅಂದರೆ ಎಲ್ಲಿ?

ದೀಕ್ಷಾದಲ್ಲೇ ಶಿಕ್ಷಕರ ಕೋರ್ಸುಗಳಿವೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ವೇದಿಕೆಯಲ್ಲಿ ಶಿಕ್ಷಣ ತಂತ್ರಜ್ಞಾನದ ಕೋರ್ಸುಗಳು ಆಗಾಗ ಬರುತ್ತವೆ, ಕಲಿಯಲು ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆ ಬರೆಯಬೇಕು. ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಕನ್ನಡದಲ್ಲೇ, ನಮ್ಮ ಶಿಕ್ಷಕರೇ ಸೇರಿ ಬರೆದ ಸಾಮಗ್ರಿ ಇದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ನಮ್ಮ ಭಾಗದಲ್ಲಿ ಶಿಕ್ಷಕರ ಕಲಿಕಾ ಕೇಂದ್ರಗಳನ್ನು ನಡೆಸುತ್ತದೆ. ಹತ್ತಿರದಲ್ಲಿದ್ದರೆ ಒಮ್ಮೆ ಹೋಗಿ ಬನ್ನಿ. ಯರಮರಸ್, ಮುನಿರಾಬಾದಿನ ಡಯಟ್‌ಗಳಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ) ತರಬೇತಿ ನಡೆದಾಗ ಹಿಂದಿನ ಸಾಲಿನಲ್ಲಿ ಕೂರಲು ಅನುಮತಿ ಕೇಳಿ ನೋಡಿ.

## ಯಾವ ಲ್ಯಾಪ್‌ಟಾಪ್ ಕೊಳ್ಳಲಿ?

ಈಗಲೇ ಬೇಡ. ಸಾಲ ಮಾಡಿಯಂತೂ ಬೇಡವೇ ಬೇಡ. 32 ಜಿಬಿಯ ಒಂದು ಪೆನ್‌ಡ್ರೈವ್ ಕೊಳ್ಳಿ, ಎರಡೂ ಕಡೆ ಚುಚ್ಚಲು ಬರುವಂಥದ್ದು, ಮೊಬೈಲಿಗೂ ಟಿವಿಗೂ. ಉದ್ದನೆಯ ಎಚ್‌ಡಿಎಂಐ ಕೇಬಲ್ ಒಂದು, ಚಾರ್ಜ್ ಮಾಡುವ ಪುಟ್ಟ ಸ್ಪೀಕರ್ ಒಂದು, ಮೂರು ಪಿನ್ನಿನ ಎಕ್ಸ್‌ಟೆನ್ಶನ್ ಬಾಕ್ಸ್ ಒಂದು. ಶಾಲೆಯ ಸ್ವಿಚ್‌ಬೋರ್ಡ್ ಯಾವಾಗಲೂ ಟಿವಿಯ ಎದುರಿನ ಗೋಡೆಯಲ್ಲೇ ಇರುತ್ತದೆ, ಯಾಕೋ ಗೊತ್ತಿಲ್ಲ. ಎಲ್ಲದರ ಮೇಲೂ ನಿಮ್ಮ ಹೆಸರು ಬರೆದ ಟೇಪ್ ಅಂಟಿಸಿ. ಸ್ಟಾಫ್ ರೂಮಿನಲ್ಲಿ ಇಟ್ಟ ಕೇಬಲ್ ಸಂಜೆಯ ಹೊತ್ತಿಗೆ ಎಲ್ಲರದೂ ಆಗಿರುತ್ತದೆ.